ಕರ್ನಾಟಕದ 28 ಸಂಸದರಿಗೆ ಭದ್ರಾವತಿಯಿಂದ: ಕಾರ್ಖಾನೆ ಜೊತೆಗೆ ಪಿಂಚಣಿ ಬಗ್ಗೆಯೂ ಮಾತಾಡಿ

ಮಾನ್ಯ ಲೋಕಸಭಾ ಸದಸ್ಯರೇ,

ನಮಸ್ಕಾರ.

ಈ ಪತ್ರವನ್ನು ಶಿವಮೊಗ್ಗದ ಸಂಸದರೊಬ್ಬರಿಗೇ ಬರೆಯಬಹುದಿತ್ತು. ಉಕ್ಕು ಮತ್ತು ಬೃಹತ್ ಕೈಗಾರಿಕೆ ಖಾತೆ ಹೊತ್ತಿರುವ ಎಚ್.ಡಿ. ಕುಮಾರಸ್ವಾಮಿ ಅವರೊಬ್ಬರಿಗೇ ಬರೆಯಬಹುದಿತ್ತು. ಆದರೆ ಬೇಕೆಂದೇ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ನಿಮ್ಮಲ್ಲಿ 17 ಮಂದಿ ಬಿಜೆಪಿ, 9 ಮಂದಿ ಕಾಂಗ್ರೆಸ್, ಇಬ್ಬರು ಜೆಡಿಎಸ್. ನಾನು ಕೇಳಲು ಹೊರಟಿರುವ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಮೂರೂ ಪಕ್ಷದವರು ಒಟ್ಟಿಗೆ ದನಿ ಎತ್ತಿದರೆ ಆಗುತ್ತದೆ.

ಭದ್ರಾವತಿ ಎಂದ ಕೂಡಲೇ ನಿಮಗೆ ನೆನಪಾಗುವುದು ವಿಐಎಸ್‌ಎಲ್, ಅಂದರೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ. ಚುನಾವಣೆ ಬಂದಾಗಲೆಲ್ಲ ಎಲ್ಲ ಪಕ್ಷಗಳ ವೇದಿಕೆಯಲ್ಲೂ ಅದರ ಹೆಸರು ಬರುತ್ತದೆ. ಉಳಿಸುತ್ತೇವೆ, ಮತ್ತೆ ಕಟ್ಟುತ್ತೇವೆ ಅನ್ನುತ್ತೀರಿ. ಆ ಮಾತು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಆದರೆ ಆ ಮಾತಿನ ಅಡಿಯಲ್ಲಿ ಇನ್ನೊಂದು ವಿಷಯ ಮುಚ್ಚಿಹೋಗಿದೆ. ಕಾರ್ಖಾನೆಗಳಲ್ಲಿ ದುಡಿದು ಹೊರಬಂದವರ ಪಿಂಚಣಿಯ ವಿಷಯ ಅದು. ಕಾರ್ಖಾನೆ ಎದ್ದು ನಿಲ್ಲಲು ಅದಿರು ಬೇಕು, ಬಂಡವಾಳ ಬೇಕು, ವರ್ಷಗಟ್ಟಲೆ ಸಮಯ ಬೇಕು. ಪಿಂಚಣಿ ಸರಿಪಡಿಸಲು ಕೇಂದ್ರ ಸರ್ಕಾರದ ಒಂದು ತೀರ್ಮಾನ ಸಾಕು. ಹಾಗಿದ್ದೂ ಸಾಮಾನ್ಯವಾಗಿ ಭಾಷಣಗಳಲ್ಲಿ ಕೇಳಿಸುವುದು ಮೊದಲನೆಯದೇ.

ನಾನಿರುವುದು ಜನ್ನಾಪುರದಲ್ಲಿ. ನಮ್ಮ ಸುತ್ತಮುತ್ತಲ ಹಿರಿಯರಿಗೆ ಪಿಎಫ್ ಕಾಗದಪತ್ರ ಬರೆದುಕೊಡುವುದು, ವರ್ಷಕ್ಕೊಮ್ಮೆ ಮೊಬೈಲಿನಲ್ಲಿ ಜೀವನ್ ಪ್ರಮಾಣ್, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಅನ್ನುವ ಪ್ರಮಾಣಪತ್ರ, ಮಾಡಿಕೊಡುವುದು ಬಹಳ ಕಾಲದಿಂದ ನನ್ನ ಪಾಲಿಗೆ ಬಂದ ಕೆಲಸ. ಬಿಸಿ ಕಬ್ಬಿಣದ ಮುಂದೆ, ಕಾಗದದ ಯಂತ್ರದ ಮುಂದೆ ಜೀವ ಸವೆಸಿದವರ ಬೆರಳಚ್ಚು ಎಷ್ಟೋ ಸಲ ಯಂತ್ರಕ್ಕೆ ಸಿಗುತ್ತಿರಲಿಲ್ಲ. ಈಗ ಮುಖ ತೋರಿಸಿದರೆ ಆಗುತ್ತದೆ, ಅಷ್ಟು ಅನುಕೂಲವಾಗಿದೆ. ಈ ಕೆಲಸ ಮಾಡುತ್ತಾ ಅವರ ಪಿಂಚಣಿ ಪುಸ್ತಕಗಳನ್ನು ನೋಡಿದ್ದೇನೆ. ಅಲ್ಲಿರುವ ಮೊತ್ತ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮೊದಲು ಊರಿನ ಕಥೆ ಸ್ವಲ್ಪ ಹೇಳಬೇಕು. ನಿಮ್ಮಲ್ಲಿ ಬೀದರಿನವರು, ಚಾಮರಾಜನಗರದವರು ಇದ್ದೀರಿ. ಎಲ್ಲರಿಗೂ ಗೊತ್ತಿರಬೇಕೆಂದಿಲ್ಲ.

1923ರ ಜನವರಿ 18ರಂದು ಭದ್ರಾ ದಂಡೆಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಹಿಂದೆ ನಿಂತವರು ಸರ್ ಎಂ. ವಿಶ್ವೇಶ್ವರಯ್ಯ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆ ಸುಟ್ಟ ಇದ್ದಿಲು, ಭದ್ರೆಯ ನೀರು. ಇಷ್ಟರ ಮೇಲೆ ಊರು ಬೆಳೆಯಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಬಂತು. ನ್ಯೂಟೌನ್ ಒಂದು ಕಾರ್ಖಾನೆಯದು, ಪೇಪರ್ ಟೌನ್ ಇನ್ನೊಂದರದು. ಊರಿನ ಅಂಗಡಿ, ಶಾಲೆ, ಸಿನಿಮಾ ಮಂದಿರ, ಜಾತ್ರೆ ಎಲ್ಲವೂ ಸಂಬಳದ ದಿನವನ್ನು ನೋಡಿಕೊಂಡು ನಡೆಯುತ್ತಿದ್ದವು. ತಮಿಳರು, ತೆಲುಗರು, ಮಲಯಾಳಿಗಳು ಕೆಲಸ ಹುಡುಕಿ ಬಂದು ಇಲ್ಲಿಯವರೇ ಆದರು.

1989ರಲ್ಲಿ ಕಾರ್ಖಾನೆ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ ಕೈಗೆ ಹೋಯಿತು. 1998ರಲ್ಲಿ ಅದರೊಳಗೇ ವಿಲೀನವಾಯಿತು. ಮುಂದೆ ಸ್ವಂತ ಗಣಿಯಿಲ್ಲದೆ ಅದಿರಿಗಾಗಿ ಹೊರಗೆ ನೋಡಬೇಕಾಯಿತು. ಹೊಸ ಬಂಡವಾಳ ಬರಲಿಲ್ಲ. 2016ರಲ್ಲಿ ಕೇಂದ್ರ ಸಂಪುಟ ಸಮಿತಿ ಷೇರು ವಿಕ್ರಯಕ್ಕೆ ಒಪ್ಪಿಗೆ ಕೊಟ್ಟಿತು. ಕೊಳ್ಳುವವರು ಮುಂದೆ ಬರದೆ 2022ರಲ್ಲಿ ಆ ಪ್ರಕ್ರಿಯೆ ರದ್ದಾಯಿತು. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬಿದ ಅದೇ ತಿಂಗಳಲ್ಲಿ, ಮುಚ್ಚುವ ತೀರ್ಮಾನದ ಸುದ್ದಿ ಬಂತು. ಆ ಹೊತ್ತಿಗೆ ಕಾಯಂ ನೌಕರರು ಕೆಲವು ನೂರು ಮಂದಿ ಮಾತ್ರ ಉಳಿದಿದ್ದರು. ಗುತ್ತಿಗೆ ಕಾರ್ಮಿಕರು ಸಾವಿರಕ್ಕೂ ಜಾಸ್ತಿ. ಅವರು ಗೇಟಿನ ಮುಂದೆ ಕೂತರು. ಊರೂ ಅವರ ಜೊತೆ ಕೂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ತಿರುಗಿತು. 2024ರಲ್ಲಿ ಕುಮಾರಸ್ವಾಮಿ ಅವರು ಸಚಿವರಾದ ತಿಂಗಳಲ್ಲೇ ಬಂದು ನೋಡಿ ಹೋದರು. ಆ ಭೇಟಿಯಿಂದ ಜನರಿಗೆ ಧೈರ್ಯ ಬಂದಿದ್ದು ನಿಜ.

ಎಂಪಿಎಂ ಕಥೆ ಇನ್ನೂ ಚಿಕ್ಕದು. 2015ರಲ್ಲಿ ಯಂತ್ರಗಳು ನಿಂತವು. ಅದು ರಾಜ್ಯ ಸರ್ಕಾರದ ಕಾರ್ಖಾನೆ. ಅದರ ಲೆಕ್ಕ ವಿಧಾನಸೌಧಕ್ಕೆ ಬೇರೆಯಾಗಿಯೇ ಕೇಳಬೇಕು.

ಜನಗಣತಿ ನೋಡಿ. ನಮ್ಮ ನಗರದ ಜನಸಂಖ್ಯೆ 2001ರಲ್ಲಿ ಸುಮಾರು 1.6 ಲಕ್ಷ. 2011ರಲ್ಲಿ ಸುಮಾರು 1.51 ಲಕ್ಷ. ಕರ್ನಾಟಕದ ನಗರಗಳೆಲ್ಲ ಉಬ್ಬುತ್ತಿದ್ದ ಹತ್ತು ವರ್ಷದಲ್ಲಿ ನಮ್ಮೂರು ಕುಗ್ಗಿತು. ಎಂಪಿಎಂ ನಿಲ್ಲುವುದಕ್ಕೂ ಮೊದಲಿನ ಅಂಕಿ ಇದು. ಮಕ್ಕಳು ಬೆಂಗಳೂರಿಗೆ ಹೋದರು. ಅಪ್ಪ ಅಮ್ಮ ಇಲ್ಲೇ ಉಳಿದರು. ಹೀಗೆ ಉಳಿದವರಿಗೆ ಪಿಂಚಣಿ ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಈಗ ಆ ಪಿಂಚಣಿಯ ಲೆಕ್ಕಕ್ಕೆ ಬರುತ್ತೇನೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಕಾರ್ಖಾನೆ ಕಾರ್ಮಿಕರಿಗೆ ಸಿಗುವುದು ಇಪಿಎಸ್-95, ಅಂದರೆ ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ. 1995ರ ನವೆಂಬರ್ 16ರಿಂದ ಜಾರಿಯಲ್ಲಿರುವ ಯೋಜನೆ. ಮಾಲೀಕರ ಪಿಎಫ್ ಪಾಲಿನಲ್ಲಿ ಸಂಬಳದ ಶೇ. 8.33 ಇದಕ್ಕೆ ಹೋಗುತ್ತದೆ. ಕೇಂದ್ರ ಸರ್ಕಾರ ಶೇ. 1.16 ಸೇರಿಸುತ್ತದೆ. ಪಿಂಚಣಿ ಲೆಕ್ಕ ಸರಳ. ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆದರೆ ಸಂಬಳ ಎಷ್ಟೇ ಇರಲಿ, ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಕ್ಕೆ ಒಂದು ಮಿತಿ ಇದೆ. 2001ರಿಂದ ಅದು 6,500 ರೂಪಾಯಿ. 2014ರ ಸೆಪ್ಟೆಂಬರ್‌ನಿಂದ 15,000.

1974ರಲ್ಲಿ ಕೆಲಸಕ್ಕೆ ಸೇರಿ, 2003ರ ಕೊನೆಗೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡ ಒಬ್ಬ ಕಾರ್ಮಿಕನನ್ನು ಉದಾಹರಣೆಗೆ ತೆಗೆದುಕೊಳ್ಳಿ. ಒಟ್ಟು 29 ವರ್ಷ ದುಡಿಮೆ. ಯೋಜನೆ ಬಂದ ಮೇಲಿನ 8 ವರ್ಷಕ್ಕೆ ಮಿತಿಯ ಪೂರ್ತಿ ಸಂಬಳ ಹಿಡಿದರೂ 743 ರೂಪಾಯಿ ಆಗುತ್ತದೆ. ಅದಕ್ಕಿಂತ ಹಿಂದಿನ 20ಕ್ಕೂ ಹೆಚ್ಚು ವರ್ಷಗಳಿಗೆ ಒಂದು ಕೋಷ್ಟಕ ಇದೆ. ಅದರಲ್ಲಿ ಅತಿ ಹೆಚ್ಚಿನ ಮೊತ್ತ 170 ರೂಪಾಯಿ. ಅದಕ್ಕೊಂದು ಗುಣಕ ಹಾಕಿದರೆ ಕೆಲವು ನೂರು ರೂಪಾಯಿ ಆಗುತ್ತದೆ. ಎಲ್ಲ ಸೇರಿ ಸಾವಿರದ ಆಸುಪಾಸು. ಆ ಹಳೆಯ ವರ್ಷಗಳಲ್ಲಿ ಕುಟುಂಬ ಪಿಂಚಣಿ ಯೋಜನೆಗೆ ಕಟ್ಟಿದ ವಂತಿಕೆ ಕಡಿಮೆ ಇತ್ತು ಅನ್ನುವುದು ನನಗೂ ಗೊತ್ತು. ಆದರೂ ಯೌವನದ 20 ವರ್ಷಕ್ಕೆ ಸಿಗುವುದು ಇಷ್ಟು.

ಈ ಮೊತ್ತಕ್ಕೆ ತುಟ್ಟಿಭತ್ಯೆ ಇಲ್ಲ. ಪಿಂಚಣಿ ಶುರುವಾದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ. ಅಕ್ಕಿ, ಎಣ್ಣೆ, ಗ್ಯಾಸು, ಬಿಪಿ ಮಾತ್ರೆ ಯಾವುದರ ಬೆಲೆಯೂ ಹಾಗೆ ನಿಂತಿಲ್ಲ. ಆತ ತೀರಿಕೊಂಡರೆ ಹೆಂಡತಿಗೆ ಅರ್ಧ. ಆ ಅರ್ಧ ತೀರಾ ಕಡಿಮೆಯಾದರೆ ಕನಿಷ್ಠ ಪಿಂಚಣಿ ಅಂತ 1,000 ರೂಪಾಯಿ ಕೊಡುತ್ತಾರೆ.

ಆ 1,000 ನಿಗದಿಯಾಗಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 2013ರಲ್ಲಿ, ಭಗತ್ ಸಿಂಗ್ ಕೋಶ್ಯಾರಿ ಅವರ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಕನಿಷ್ಠ 3,000 ಆದರೂ ಕೊಡಿ ಅಂತ ಶಿಫಾರಸು ಮಾಡಿತ್ತು. ಆಗ ಅಧಿಕಾರದಲ್ಲಿದ್ದುದು ಯುಪಿಎ. ಆಮೇಲೆ ಬಂದದ್ದು ಎನ್‌ಡಿಎ. ಎರಡೂ ಸರ್ಕಾರಗಳು ಆ ವರದಿಯನ್ನು ಕಂಡಿವೆ. ಹಾಗಾಗಿ ನಿಮ್ಮಲ್ಲಿ ಯಾರೂ ಇನ್ನೊಬ್ಬರ ಕಡೆ ಬೆರಳು ತೋರಿಸುವಂತಿಲ್ಲ. ದೇಶದಲ್ಲಿ ಈ ಯೋಜನೆಯ ಪಿಂಚಣಿದಾರರು 70 ಲಕ್ಷಕ್ಕೂ ಹೆಚ್ಚು. ಅವರ ಸಂಘಟನೆಗಳು 7,500 ರೂಪಾಯಿ ಮತ್ತು ತುಟ್ಟಿಭತ್ಯೆ ಕೇಳುತ್ತಾ ವರ್ಷಗಳಾದವು.

ಇನ್ನೊಂದು ಹೋಲಿಕೆ ಹೇಳುತ್ತೇನೆ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ 2021ರಿಂದ ತಿಂಗಳಿಗೆ 1,200 ರೂಪಾಯಿ. ಅದಕ್ಕೆ ಯಾರೂ ವಂತಿಕೆ ಕಟ್ಟಬೇಕಿಲ್ಲ. ಬಡ ಹಿರಿಯರಿಗೆ ಅದು ಸಿಗಲೇಬೇಕು, ಇನ್ನೂ ಹೆಚ್ಚಾಗಲಿ. ಆದರೆ ದಶಕಗಟ್ಟಲೆ ದುಡಿದು, ಸಂಬಳದ ಲೆಕ್ಕದಿಂದ ವಂತಿಕೆ ಕಟ್ಟಿಸಿಕೊಂಡವನಿಗೆ ಗ್ಯಾರಂಟಿಯಾಗಿ ಸಿಗುವುದು ಅದಕ್ಕಿಂತ 200 ರೂಪಾಯಿ ಕಡಿಮೆ. ಇದು ಯಾವ ನ್ಯಾಯ?

ನಿಮ್ಮ ಪಿಂಚಣಿಯ ಮಾತನ್ನೂ ಆಡಲೇಬೇಕು. ಬೇಸರ ಮಾಡಿಕೊಳ್ಳಬೇಡಿ. ಮಾಜಿ ಸಂಸದರ ಪಿಂಚಣಿಯನ್ನು ತಿಂಗಳಿಗೆ 25,000ದಿಂದ 31,000ಕ್ಕೆ ಏರಿಸಿ 2025ರ ಮಾರ್ಚ್‌ನಲ್ಲಿ ಆದೇಶ ಬಂತು. 2023ರ ಏಪ್ರಿಲ್‌ನಿಂದ ಅನ್ವಯ. ಬೆಲೆ ಏರಿಕೆಯ ಸೂಚ್ಯಂಕ ನೋಡಿ ಹೆಚ್ಚಿಸಿದ್ದು. ನಿಮಗೆ ಪಿಂಚಣಿ ಬೇಡ ಅಂತ ನಾನು ಹೇಳುವುದಿಲ್ಲ. ಬೆಲೆ ಏರಿದರೆ ಪಿಂಚಣಿಯೂ ಏರಬೇಕು ಅನ್ನುವ ತತ್ವವನ್ನು ಸರ್ಕಾರ ಒಪ್ಪಿದೆ. ಅದೇ ತತ್ವ ಕಾರ್ಮಿಕರಿಗೂ ಅನ್ವಯವಾಗಲಿ. ನನ್ನ ಬೇಡಿಕೆಯ ತಿರುಳು ಅದೇ.

ಕಾರ್ಖಾನೆ ಮುಚ್ಚುವುದಕ್ಕೂ ಪಿಂಚಣಿಗೂ ಇರುವ ನಂಟು ಭಾಷಣಗಳಲ್ಲಿ ಕಾಣುವುದಿಲ್ಲ. ಅದನ್ನು ಇಲ್ಲಿ ಬಿಡಿಸಿ ಹೇಳಬೇಕು.

ಈಗಿನ 15,000 ಮಿತಿಯಲ್ಲಿ ಒಂದು ವರ್ಷದ ಸೇವೆಗೆ ಸಿಗುವ ಪಿಂಚಣಿ ತಿಂಗಳಿಗೆ 214 ರೂಪಾಯಿ. ಅಂದರೆ 48ನೇ ವಯಸ್ಸಿಗೆ ಕೆಲಸ ಹೋದ ಕಾರ್ಮಿಕ 58ರವರೆಗಿನ ಹತ್ತು ವರ್ಷದ ಸೇವೆ ಕಳೆದುಕೊಳ್ಳುತ್ತಾನೆ. ಜೀವ ಇರುವವರೆಗೂ ಪ್ರತಿ ತಿಂಗಳು 2,143 ರೂಪಾಯಿ ಕಡಿಮೆ. ಕೈಯಲ್ಲಿ ದುಡ್ಡಿಲ್ಲದೆ 58ಕ್ಕೆ ಕಾಯಲಾರದೆ 50ಕ್ಕೇ ಪಿಂಚಣಿ ತೆಗೆದುಕೊಂಡರೆ, ಮುಂಚಿತವಾದ ಪ್ರತಿ ವರ್ಷಕ್ಕೂ ಶೇ. 4 ಕಡಿತ. ಅದೂ ಜೀವನಪೂರ್ತಿ. 20 ವರ್ಷ ಸೇವೆ ಪೂರೈಸಿ 58ಕ್ಕೆ ನಿವೃತ್ತರಾದವರಿಗೆ ಲೆಕ್ಕದಲ್ಲಿ ಎರಡು ವರ್ಷ ಹೆಚ್ಚುವರಿ ಸೇರಿಸುತ್ತಾರೆ. ಕಾರ್ಖಾನೆ ಮೊದಲೇ ಮುಚ್ಚಿದರೆ ಅದೂ ಹೋಯಿತು. ಹತ್ತು ವರ್ಷ ತುಂಬದಿದ್ದರೆ ಮಾಸಿಕ ಪಿಂಚಣಿಯೇ ಇಲ್ಲ.

ಮುಚ್ಚುವ ತೀರ್ಮಾನ ಕಾರ್ಮಿಕನದಲ್ಲ. ಅದಿರು ಸಿಗದಿದ್ದುದಕ್ಕೆ ಅವನು ಕಾರಣನಲ್ಲ. ಬಂಡವಾಳ ಬಾರದಿದ್ದುದಕ್ಕೂ ಅವನು ಕಾರಣನಲ್ಲ. ಆದರೆ ದಂಡ ಕಟ್ಟುವವನು ಅವನು, ಅವನ ನಂತರ ಅವನ ಹೆಂಡತಿ.

ಗುತ್ತಿಗೆಯವರ ಸ್ಥಿತಿ ಇನ್ನೂ ಕಷ್ಟ. ಕಾರ್ಖಾನೆ ಅದೇ, ಕೆಲಸ ಅದೇ, ಕಂಟ್ರಾಕ್ಟರ್ ಮಾತ್ರ ಬದಲಾಗುತ್ತಾನೆ. ಹಿಂದೆಲ್ಲ ಕಂಟ್ರಾಕ್ಟರ್ ಬದಲಾದಾಗ ಪಿಎಫ್ ನಂಬರೂ ಬದಲಾಗುತ್ತಿತ್ತು. 2014ರ ನಂತರ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಒಂದೇ ಪಿಎಫ್ ನಂಬರು, ಬಂದು ಇದು ಸ್ವಲ್ಪ ಸರಿಯಾಯಿತು. ಆದರೆ ಹಳೆಯ ನಂಬರುಗಳ ಸೇವೆಯನ್ನು ಒಂದುಗೂಡಿಸಲು ಹೊರಟರೆ ಒಂದರಲ್ಲಿ ಹೆಸರಿನ ಅಕ್ಷರ ತಪ್ಪು, ಇನ್ನೊಂದರಲ್ಲಿ ಹುಟ್ಟಿದ ದಿನಾಂಕ ತಪ್ಪು, ಮತ್ತೊಂದರಲ್ಲಿ ಕಂಟ್ರಾಕ್ಟರೇ ಪತ್ತೆ ಇಲ್ಲ. ಆತ ದುಡಿದದ್ದಕ್ಕೆ ಗೇಟಿನಲ್ಲಿರುವವರೆಲ್ಲ ಸಾಕ್ಷಿ. ಕಂಪ್ಯೂಟರಿನಲ್ಲಿ ಮಾತ್ರ ಆ ವರ್ಷಗಳಿಲ್ಲ.

ಇದು ಭದ್ರಾವತಿಯೊಂದರ ಅಳಲು ಅಂತ ದಯವಿಟ್ಟು ಪಕ್ಕಕ್ಕಿಡಬೇಡಿ. ಕೋಲಾರದ ಸಂಸದರೇ, ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆ ಊರಿನ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ತುಮಕೂರಿನ ಸಂಸದರೇ, ನಿಮ್ಮಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇತ್ತು. ಬೆಂಗಳೂರಿನವರಿಗೆ ಎನ್‌ಜಿಇಎಫ್ ಗೊತ್ತು, ಬಿನ್ನಿ ಮಿಲ್ ಗೊತ್ತು. ದಾವಣಗೆರೆಯವರಿಗೆ ಹತ್ತಿ ಗಿರಣಿಗಳ ನೆನಪಿದೆ. ಚಿಕ್ಕಮಗಳೂರಿನವರಿಗೆ ಕುದುರೆಮುಖದ ಕಬ್ಬಿಣದ ಗಣಿ. ಕೆಲವು ಕಡೆ ಮುಚ್ಚಿದ್ದಕ್ಕೆ ಒಳ್ಳೆಯ ಕಾರಣವೂ ಇತ್ತು. ಕುದುರೆಮುಖದ ಕಾಡು ಉಳಿಯಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಾರಣ ಒಳ್ಳೆಯದಿರಲಿ ಕೆಟ್ಟದಿರಲಿ, ಕೆಲಸ ಕಳೆದುಕೊಂಡ ಕಾರ್ಮಿಕನಿಗೆ ಅನ್ವಯಿಸುವುದು ಆ 70ರಿಂದ ಭಾಗಿಸುವ ಲೆಕ್ಕವೇ.

ದೆಹಲಿಯಲ್ಲಿ ನಿಮಗೆ ಸಿಗುವ ಉತ್ತರ ಏನಿರಬಹುದು ಅಂತ ಗೊತ್ತು. ನಿಧಿಯಲ್ಲಿ ಅಷ್ಟು ಹಣವಿಲ್ಲ, ಮುಂದಿನ ಹೊಣೆ ಲೆಕ್ಕ ಹಾಕಿದರೆ ಕೊರತೆ ಇದೆ ಅನ್ನುತ್ತಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕಟ್ಟಿದ್ದು ಕಡಿಮೆ ಇರುವಾಗ ಕೊಡುವುದು ಹೆಚ್ಚಾದರೆ ವ್ಯತ್ಯಾಸವನ್ನು ಯಾರಾದರೂ ತುಂಬಲೇಬೇಕು. ಆದರೆ ಈಗಿನ 1,000 ಕೂಡ ನಿಧಿಯ ಬಲದಿಂದಷ್ಟೇ ಬರುತ್ತಿಲ್ಲ. ಕಡಿಮೆ ಬಿದ್ದದ್ದನ್ನು ಕೇಂದ್ರ ಬಜೆಟ್ಟಿನಿಂದ ತುಂಬಿಕೊಡುತ್ತಿದೆ. ದಾರಿ ಆಗಲೇ ಇದೆ. ಆ ದಾರಿಯಲ್ಲಿ ಎಷ್ಟು ದೂರ ಹೋಗಬೇಕು ಅನ್ನುವುದಷ್ಟೇ ಪ್ರಶ್ನೆ, ಮತ್ತು ಬಜೆಟ್ಟಿಗೆ ಕೈ ಎತ್ತುವವರು ನೀವು. 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರಿ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆ ಬಂದಿದೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧ ಖಚಿತ. ಅಲ್ಲಿ ಹಣ ಹೊಂದಿಸಲು ಆಯಿತು.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ವಿಶಾಖಪಟ್ಟಣ ಸಾಕ್ಷಿ. ಅಲ್ಲಿನ ಉಕ್ಕಿನ ಕಾರ್ಖಾನೆಗೂ ಸ್ವಂತ ಕಬ್ಬಿಣದ ಗಣಿ ಇಲ್ಲ. ಅದನ್ನೂ ಪೂರ್ತಿ ಮಾರಲು 2021ರಲ್ಲಿ ಕೇಂದ್ರ ಒಪ್ಪಿತ್ತು. ಕಾರ್ಮಿಕರು ಹೋರಾಡಿದರು. ಅಲ್ಲಿನ ರಾಜಕೀಯ ಪಕ್ಷಗಳಿಗೆ ಅದನ್ನು ಬಿಟ್ಟು ಚುನಾವಣೆ ಮಾಡಲು ಆಗಲಿಲ್ಲ. 2024ರಲ್ಲಿ ತೆಲುಗುದೇಶಂ 16 ಸಂಸದರೊಂದಿಗೆ ದೆಹಲಿಯ ಸರ್ಕಾರಕ್ಕೆ ಆಸರೆಯಾಯಿತು. 2025ರ ಜನವರಿಯಲ್ಲಿ 11,440 ಕೋಟಿ ರೂಪಾಯಿಯ ನೆರವು ಮಂಜೂರಾಯಿತು. ಅಲ್ಲಿನ ಕಾರ್ಮಿಕರ ಬಗ್ಗೆ ನನಗೆ ಸಂತೋಷವೇ ಇದೆ. ಆದರೆ ಅದೇ ಸರ್ಕಾರದ ಜೊತೆ ಕರ್ನಾಟಕದಿಂದ 19 ಮಂದಿ ಇದ್ದೀರಿ. ಉಕ್ಕಿನ ಖಾತೆಯೂ ನಮ್ಮವರ ಕೈಯಲ್ಲೇ ಇದೆ. ನಮಗೇಕೆ ಆಗಬಾರದು?

ಮತ ಕೊಡಲಿಲ್ಲ ಅಂತ ನಮ್ಮೂರನ್ನು ಯಾವ ಪಕ್ಷವೂ ದೂರುವಂತಿಲ್ಲ. ವಿಧಾನಸಭೆಗೆ 1994ರಿಂದ ನಾವು ಆರಿಸಿದ್ದು ಇಬ್ಬರನ್ನೇ. ಈಗಿಲ್ಲದ ಎಂ.ಜೆ. ಅಪ್ಪಾಜಿ ಗೌಡರು ಮತ್ತು ಕಾಂಗ್ರೆಸ್ಸಿನ ಬಿ.ಕೆ. ಸಂಗಮೇಶ್ವರ ಅವರು. ಅಪ್ಪಾಜಿ ಗೌಡರು 2013ರಲ್ಲಿ ಗೆದ್ದದ್ದು ಜೆಡಿಎಸ್‌ನಿಂದ. ಲೋಕಸಭೆಗೆ ನಮ್ಮ ಕ್ಷೇತ್ರ 2009ರಿಂದ ಪ್ರತಿ ಸಲ ಬಿಜೆಪಿಯನ್ನೇ ಕಳಿಸಿದೆ. ಮೂರೂ ಪಕ್ಷಗಳಿಗೆ ಕೊಟ್ಟಿದ್ದೇವೆ. ಮೂರೂ ಪಕ್ಷಗಳಿಂದ ಕೇಳುವ ಹಕ್ಕು ನಮಗಿದೆ.

ಕೇಳುವುದು ಇಷ್ಟು.

ಮುಂದಿನ ಅಧಿವೇಶನದಲ್ಲಿ ನೀವು 28 ಮಂದಿಯೂ ಸಹಿ ಹಾಕಿದ ಒಂದು ಮನವಿ ಕಾರ್ಮಿಕ ಸಚಿವರಿಗೆ ಮತ್ತು ಹಣಕಾಸು ಸಚಿವರಿಗೆ ಹೋಗಲಿ. ಕನಿಷ್ಠ ಪಿಂಚಣಿ 7,500 ಆಗಬೇಕು, ಅದಕ್ಕೆ ತುಟ್ಟಿಭತ್ಯೆ ಸೇರಬೇಕು ಅಂತ ಅದರಲ್ಲಿ ಇರಲಿ. ಒಂದೇ ಸಲ ಆಗದಿದ್ದರೆ ಯಾವ ವರ್ಷ ಎಷ್ಟು ಅಂತ ಬರೆದು ಕೊಡಲಿ. ಸರ್ಕಾರದ ತೀರ್ಮಾನದಿಂದ ಮುಚ್ಚಿದ ಕಾರ್ಖಾನೆಯ ಕಾರ್ಮಿಕರಿಗೆ, ಗುತ್ತಿಗೆಯವರೂ ಸೇರಿ, 58ರವರೆಗಿನ ಉಳಿದ ವರ್ಷಗಳಲ್ಲಿ ಒಂದು ಪಾಲನ್ನಾದರೂ ಸೇವೆ ಅಂತ ಲೆಕ್ಕ ಹಿಡಿಯುವ ತಿದ್ದುಪಡಿಯನ್ನೂ ಕೇಳಿ. ಇದು ಹೊಸ ಬೇಡಿಕೆ ಅನ್ನಿಸಬಹುದು. ಆದರೆ ಮುಚ್ಚುವವರು ಒಬ್ಬರು, ತೆರುವವರು ಇನ್ನೊಬ್ಬರು ಅನ್ನುವ ಅನ್ಯಾಯ ತಪ್ಪಬೇಕಾದರೆ ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಗುತ್ತಿಗೆ ಕಾರ್ಮಿಕರ ಹಳೆಯ ಪಿಎಫ್ ನಂಬರುಗಳನ್ನು ಜೋಡಿಸಲು ಭದ್ರಾವತಿಯಲ್ಲೇ ಒಂದು ಶಿಬಿರ ಮಾಡಿಸಿ. ಕಾರ್ಖಾನೆಯ ಹಾಜರಿ ಪುಸ್ತಕ, ಗೇಟ್ ಪಾಸ್‌ಗಳನ್ನು ಪುರಾವೆ ಅಂತ ಒಪ್ಪುವಂತೆ ಆದೇಶ ಕೊಡಿಸಿ. ಇದಕ್ಕೆ ಸಂಪುಟದ ಒಪ್ಪಿಗೆ ಬೇಕಾಗಲಿಕ್ಕಿಲ್ಲ. ನಮ್ಮ ಸಂಸದರು, ನಮ್ಮ ಸಚಿವರು ಪಟ್ಟು ಹಿಡಿದರೆ ಬೇಗನೆ ಆಗುವ ಕೆಲಸ.

ವಿಐಎಸ್‌ಎಲ್ ಬಗ್ಗೆ ಕುಮಾರಸ್ವಾಮಿ ಅವರಲ್ಲಿ ಒಂದು ನೇರ ಮಾತು. ಸರ್, ಎಷ್ಟು ಹಣ, ಯಾವ ವರ್ಷ, ಅದಿರು ಎಲ್ಲಿಂದ, ಕೆಲಸ ಎಷ್ಟು ಜನಕ್ಕೆ, ಅದರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು ಅನ್ನುವುದನ್ನು ಒಂದು ಕಾಗದದಲ್ಲಿ ಬರೆಸಿ ಸಂಸತ್ತಿನ ಮುಂದೆ ಇಡಿ. ಸಂಡೂರಿನ ದೋಣಿಮಲೆಯಲ್ಲಿ ಕೇಂದ್ರದ ಗಣಿ ಕಂಪನಿ ಎನ್‌ಎಂಡಿಸಿ ಅದಿರು ತೆಗೆಯುತ್ತಿದೆ. ಅದೂ ನಿಮ್ಮ ಖಾತೆಯದೇ. ಹೊಸ ಕಾಡು ಕಡಿಯದೆ ಅಲ್ಲಿಂದಲೇ ದೀರ್ಘಾವಧಿ ಒಪ್ಪಂದ ಆಗುತ್ತದೆಯೇ ನೋಡಿ. ಆಗುವುದಿಲ್ಲ ಅಂತಾದರೆ ಅದನ್ನೂ ಕಾರಣ ಸಮೇತ ಹೇಳಿ. ಕಾರ್ಮಿಕರ ಮಕ್ಕಳು ಊರಲ್ಲಿ ಇರಬೇಕೋ ಹೋಗಬೇಕೋ ಅಂತ ತೀರ್ಮಾನ ಮಾಡಬೇಕಿದೆ. ಅವರಿಗೆ ನಿಜ ಗೊತ್ತಾಗಬೇಕು.

2028ಕ್ಕೆ ವಿಧಾನಸಭೆ ಚುನಾವಣೆ, 2029ಕ್ಕೆ ಲೋಕಸಭೆ. ನಮ್ಮ ಬೀದಿಗಳಿಗೆ ನೀವು ಬಂದಾಗ ನಾವು ಮನವಿಯ ಪ್ರತಿಯನ್ನು ಕೇಳುತ್ತೇವೆ. ಯಾರ ಸಹಿ ಇದೆ, ಯಾರದು ಇಲ್ಲ ಅಂತ ನೋಡುತ್ತೇವೆ. ಈಗಲೇ ಸಹಿ ಹಾಕಿದರೆ ಪ್ರತಿಯನ್ನು ಮೊದಲೇ ಕಳಿಸಿಕೊಡಿ. ನಮ್ಮ ಹಿರಿಯರಿಗೆ ಅದನ್ನು ಓದಿ ಹೇಳುವ ಕೆಲಸ ನನಗಿರಲಿ.

ವಂದನೆಗಳೊಂದಿಗೆ,

ಜನ್ನಾಪುರದ ಒಬ್ಬ ಮತದಾರಳು
ಭದ್ರಾವತಿ, ಶಿವಮೊಗ್ಗ ಲೋಕಸಭಾ ಕ್ಷೇತ್ರ